ಲಾರಿ ನಿಂತ ಗಂಟೆಯ ಲೆಕ್ಕ

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಾವೆಲ್ಲ ಓದಿರುವ ಪಾಠ ಒಂದಿದೆ. ಸರಕು ತಯಾರಾಗುವ ಜಾಗ ಒಂದು, ಅದು ಬೇಕಾಗಿರುವ ಜಾಗ ಇನ್ನೊಂದು. ಈ ಸ್ಥಳದ ಅಡಚಣೆಯನ್ನು ಸಾರಿಗೆ ನಿವಾರಿಸುತ್ತದೆ. ಕಾಲದ ಅಡಚಣೆಯನ್ನು ಉಗ್ರಾಣ, ನಷ್ಟಭಯವನ್ನು ವಿಮೆ, ಹಣದ ಅಡಚಣೆಯನ್ನು ಬ್ಯಾಂಕ್ ನಿವಾರಿಸುತ್ತವೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಸಾರಿಗೆ ಎಂಬ ಆ ಒಂದು ಪದದೊಳಗೆ ಒಬ್ಬ ಮನುಷ್ಯ ಸ್ಟಿಯರಿಂಗ್ ಹಿಡಿದು ಕುಳಿತಿದ್ದಾನೆ. ನಮ್ಮ ಮನೆಯಲ್ಲಿ ಆ ಮನುಷ್ಯ ನನ್ನ ಅಬ್ಬಾ.

ಅಬ್ಬಾ ಇಪ್ಪತ್ತು ವರ್ಷಕ್ಕೂ ಮೇಲೆ ಲಾರಿ ಓಡಿಸುತ್ತಿದ್ದಾರೆ. ಮೊದಲು ಬೇರೆಯವರ ಗಾಡಿ, ಈಗ ಸಾಲ ಮಾಡಿ ಕೊಂಡ ಹತ್ತು ಚಕ್ರದ ಸ್ವಂತ ಗಾಡಿ. ಹಿರಿಯ ಮಗಳಾದ ನಾನು ವಾಣಿಜ್ಯ ವಿಭಾಗ ಸೇರಿದ ದಿನದಿಂದ ಟ್ರಿಪ್ಪಿನ ಲೆಕ್ಕ ಬರೆಯುವುದು ನನ್ನ ಕೆಲಸ. ಅಬ್ಬಾ ಫೋನಿನಲ್ಲಿ ಉರ್ದುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಆ ಪುಸ್ತಕದಿಂದ ನಾನು ಕಲಿತದ್ದನ್ನು ಪಾಠದ ರೂಪದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಸೀಮೆ ಮತ್ತು ಸಾಗಾಣಿಕೆ

ನಮ್ಮದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಕಡೆ. ಈ ಹೆಸರು ಇಡೀ ದೇಶಕ್ಕೆ ಗೊತ್ತಾದದ್ದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿಂದ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ, 615 ಎಕರೆ ಜಾಗ. ಹೆಲಿಕಾಪ್ಟರ್ ಹಾರುವುದನ್ನು ನೋಡಲು ಎಲ್ಲರೂ ತಲೆ ಎತ್ತುತ್ತಾರೆ. ಅಂಥ ಕಾರ್ಖಾನೆ ಎದ್ದು ನಿಲ್ಲುವ ಮೊದಲು ಅದರ ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲವೂ ನೆಲದ ಮೇಲೆ ಲಾರಿಯಲ್ಲೇ ಬರಬೇಕು.

ಗುಬ್ಬಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಪಶ್ಚಿಮಕ್ಕೆ ತಿಪಟೂರು, ಅರಸೀಕೆರೆ ದಾಟಿ ಮಂಗಳೂರಿನತ್ತ ಸಾಗುತ್ತದೆ, ಪೂರ್ವಕ್ಕೆ ತುಮಕೂರು ಸೇರುತ್ತದೆ. ತುಮಕೂರಿನಲ್ಲಿ ಹೆದ್ದಾರಿ 48 ಸಿಗುತ್ತದೆ. ಅದನ್ನು ಹಿಡಿದರೆ ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಪುಣೆ, ಮುಂಬೈ. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದು ನಿಮಗೆಲ್ಲ ಗೊತ್ತು. ಅಬ್ಬಾ ಹೆಚ್ಚಾಗಿ ಕೊಬ್ಬರಿ ತುಂಬಿಕೊಂಡು ಮುಂಬೈ ಕಡೆಗೆ ಹೋಗುತ್ತಾರೆ. ಅಲ್ಲಿಂದ ಸಿಕ್ಕಿದ ವಾಪಸ್ ಲೋಡು ತರುತ್ತಾರೆ.

ಲಾರಿಯಲ್ಲಿರುವ ಕಾಗದಗಳು

ಲಾರಿಯ ಕ್ಯಾಬಿನ್ನಿನಲ್ಲಿ ಒಂದು ಹಳೆಯ ಫೈಲು ಇರುತ್ತದೆ. ಅದರಲ್ಲಿ ಆರ್‌ಸಿ, ಎಫ್‌ಸಿ, ಪರ್ಮಿಟ್, ವಿಮೆ, ತೆರಿಗೆ ರಸೀದಿ ಮತ್ತು ಪಿಯುಸಿ. ಈ ಪಿಯುಸಿ ನಾವು ಓದುವ ಪಿಯುಸಿ ಅಲ್ಲ, ಹೊಗೆ ತಪಾಸಣೆಯ ಪ್ರಮಾಣಪತ್ರ. ‘ನನ್ನ ಪಿಯುಸಿ ವರ್ಷಕ್ಕೊಂದು ಸಲ ಪಾಸಾಗುತ್ತೆ, ನಿನ್ನದು ನೋಡು’ ಎಂದು ಅಬ್ಬಾ ತಮಾಷೆ ಮಾಡುತ್ತಾರೆ.

ಪ್ರತಿ ಲೋಡಿಗೆ ಇನ್ನೆರಡು ಕಾಗದ ಬೇಕು. ಒಂದು ಬಿಲ್ಟಿ. ಯಾರ ಸರಕು, ಎಷ್ಟು ತೂಕ, ಎಲ್ಲಿಂದ ಎಲ್ಲಿಗೆ, ಬಾಡಿಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಎರಡನೆಯದು ಇ-ವೇ ಬಿಲ್. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಾಣಿಕೆಗೆ ಇದು ಜಾರಿಯಾಯಿತು. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇದು ಬೇಕು. ಇದಕ್ಕೆ ಅವಧಿ ಇದೆ: 2021ರ ಜನವರಿಯಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನ. ತುಮಕೂರಿನಿಂದ ಮುಂಬೈ ಕಡೆಗೆ ಸುಮಾರು 900 ಕಿ.ಮೀ. ಎಂದರೆ 5 ದಿನ ಸಿಗುತ್ತದೆ. ಸರ್ಕಾರದ ಕಾಗದ 5 ದಿನ ಕೊಡುತ್ತದೆ. ಏಜೆಂಟ್ ಮಾತ್ರ ‘ನಾಳಿದ್ದು ಬೆಳಿಗ್ಗೆ ಅನ್‌ಲೋಡ್ ಆಗಬೇಕು’ ಎನ್ನುತ್ತಾರೆ.

ಮುಸಾಫಿರನಿಗೆ ನಮಾಜಿನಲ್ಲೂ ರಿಯಾಯಿತಿ ಇದೆ, ನಾಲ್ಕು ರಕಅತ್ ಎರಡಾಗುತ್ತದೆ. ರಂಜಾನಿನ ರೋಜಾವನ್ನೂ ಪ್ರಯಾಣ ಮುಗಿದ ಮೇಲೆ ಇಡಬಹುದು. ಡೆಲಿವರಿ ಟೈಮಿಗೆ ಅಂಥ ರಿಯಾಯಿತಿ ಇಲ್ಲ.

ಒಂದು ಟ್ರಿಪ್ಪಿನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಬೇರೆ ಗಾಡಿಯ ಅಂಕಿ ಬೇರೆ ಇರಬಹುದು, ಲೆಕ್ಕದ ರೀತಿ ಇದೇ.

ಹೋಗುವಾಗ 17 ಟನ್, ಟನ್ನಿಗೆ 3,000 ರೂ. ಬಾಡಿಗೆ: 51,000
ವಾಪಸ್ ಲೋಡು: 34,000
ಒಟ್ಟು ಬಾಡಿಗೆ: 85,000

ಡೀಸೆಲ್ (1,800 ಕಿ.ಮೀ., ಲೀಟರಿಗೆ 4 ಕಿ.ಮೀ., 450 ಲೀಟರ್, 90 ರೂ. ದರ): 40,500
ಟೋಲ್: 12,000
ಹಮಾಲಿ, ಪಾರ್ಕಿಂಗ್, ಹಗ್ಗ-ಟಾರ್ಪಾಲ್: 3,500
ಏಜೆಂಟ್ ಕಮಿಷನ್: 2,500
ದಾರಿಯ ಊಟ, ಬಾಟಾ: 4,500
ಒಟ್ಟು ಖರ್ಚು: 63,000

ಉಳಿಯುವುದು 22,000 ರೂಪಾಯಿ. ಇವೆಲ್ಲ ಬದಲಾಗುವ ವೆಚ್ಚಗಳು. ಲಾರಿ ಹೊರಟರೆ ಉಂಟು, ನಿಂತರೆ ಇಲ್ಲ. ಲಾರಿ ಓಡಲಿ ಬಿಡಲಿ ತಿಂಗಳು ತುಂಬಿದರೆ ಕೊಡಲೇಬೇಕಾದವು ಸ್ಥಿರ ವೆಚ್ಚಗಳು: ಸಾಲದ ಕಂತು 48,000, ವಿಮೆ-ತೆರಿಗೆ-ಪರ್ಮಿಟ್-ಎಫ್‌ಸಿಯ ತಿಂಗಳ ಪಾಲು 9,000, ಟೈರು ಮತ್ತು ರಿಪೇರಿಗೆ ಎತ್ತಿಡುವುದು 15,000. ಒಟ್ಟು 72,000.

ಇಲ್ಲಿ ಲೆಕ್ಕಶಾಸ್ತ್ರ ಓದುವವರು ಆಕ್ಷೇಪಿಸಬಹುದು. ಕಂತಿನಲ್ಲಿ ಬಡ್ಡಿ ಮಾತ್ರ ವೆಚ್ಚ, ಅಸಲು ವೆಚ್ಚವಲ್ಲ, ಅದರ ಬದಲು ಲಾರಿಯ ಸವಕಳಿ ಬರೆಯಬೇಕು. ಟೈರು-ರಿಪೇರಿ ಕೂಡ ಓಡಾಟಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ಎರಡೂ ಸರಿ. ಆದರೆ ನಮ್ಮ ಮನೆ ನಡೆಯುವುದು ನಗದು ಲೆಕ್ಕದಲ್ಲಿ. ಅದಕ್ಕಾಗಿ ಕಂತನ್ನೇ ಹಿಡಿದಿದ್ದೇನೆ, ಟೈರಿಗೆ ತಿಂಗಳಿಗೆ ಇಷ್ಟು ಎಂದು ಎತ್ತಿಡುತ್ತೇವೆ.

72,000ವನ್ನು 22,000ದಿಂದ ಭಾಗಿಸಿದರೆ 3.27 ಬರುತ್ತದೆ. ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಬಿಂದು ಇದು. ತಿಂಗಳಿಗೆ ಮೂರು ಟ್ರಿಪ್ ಆದರೆ ಕೈಗೆ 66,000 ಬಂದು 6,000 ಕೊರತೆ ಬೀಳುತ್ತದೆ. ನಾಲ್ಕು ಟ್ರಿಪ್ ಆದರೆ 88,000 ಬಂದು 16,000 ಉಳಿಯುತ್ತದೆ. ಮೂರೂಕಾಲು ಟ್ರಿಪ್ ಎಂಬುದು ರಸ್ತೆಯ ಮೇಲೆ ಇಲ್ಲ. ಆದ್ದರಿಂದ ನಾಲ್ಕನೇ ಟ್ರಿಪ್ ಆಯಿತೇ ಇಲ್ಲವೇ ಎಂಬುದರ ಮೇಲೆ ನಮ್ಮ ಮನೆಯ ದಿನಸಿ, ನನ್ನ ಮತ್ತು ತಮ್ಮನ ಫೀಸು ನಿಂತಿದೆ.

ಇನ್ನೊಂದು ಗಮನಿಸಿ. ಖರ್ಚಿನ ಪಟ್ಟಿಯಲ್ಲಿ ಚಾಲಕನ ಸಂಬಳ ಎಂಬ ಸಾಲು ಇಲ್ಲ. ಸ್ವಂತ ಗಾಡಿ ಓಡಿಸುವವರು ತಮಗೆ ತಾವೇ ಸಂಬಳ ಬರೆದುಕೊಳ್ಳುವುದಿಲ್ಲ. ಉಳಿದ 16,000ವೇ ಅಬ್ಬಾರ ಸಂಬಳ. ದಿನಕ್ಕೆ 533 ರೂಪಾಯಿ. ಡೀಸೆಲ್ ಏರಿದರೆ ಅದೂ ಕರಗುತ್ತದೆ. 2025ರ ಏಪ್ರಿಲ್ 1ರಂದು ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು, ಅದೇ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. 2 ರೂಪಾಯಿ ಚಿಕ್ಕ ಮೊತ್ತದಂತೆ ಕಾಣುತ್ತದೆ. ಟ್ರಿಪ್ಪಿಗೆ 900, ನಾಲ್ಕು ಟ್ರಿಪ್ಪಿಗೆ 3,600. 16,000 ಇದ್ದದ್ದು 12,400.

ನಿಂತ ಹೊತ್ತು

ಈಗ ಹಣ ಬಿಟ್ಟು ದಿನಗಳ ಲೆಕ್ಕ ನೋಡೋಣ. ತುಂಬಿದ ಲಾರಿ, ಘಾಟು, ಊರು, ಟೋಲು ಎಲ್ಲ ಸೇರಿ ಸರಾಸರಿ ಗಂಟೆಗೆ 40 ಕಿ.ಮೀ. ಎಂದು ಹಿಡಿಯೋಣ. 1,800 ಕಿ.ಮೀ.ಗೆ 45 ಗಂಟೆ ಸ್ಟಿಯರಿಂಗ್ ಹಿಡಿಯಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸಕ್ಕೆ ಮಿತಿ ಹಾಕಿತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು 10 ಗಂಟೆಯವರೆಗೆ ಹೋಗಬಹುದು ಎಂದಿತು. ಆದರೆ ಆ ಕಾಯ್ದೆ ಬರೆದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೇ ಗಾಡಿ, ಒಬ್ಬನೇ ಮನುಷ್ಯ ಇರುವ ನಮ್ಮಂಥವರ ಗಂಟೆ ಎಣಿಸಲು ಯಾರೂ ಬರುವುದಿಲ್ಲ.

ಇರಲಿ, 8 ಗಂಟೆಯನ್ನೇ ಅಳತೆ ಮಾಡಿಕೊಳ್ಳೋಣ. 45 ಗಂಟೆ ಎಂದರೆ ಸುಮಾರು 6 ದಿನ. 30 ದಿನಕ್ಕೆ ನಾಲ್ಕು ಟ್ರಿಪ್ ಬೇಕಾದರೆ ಒಂದು ಟ್ರಿಪ್ಪಿಗೆ ಸಿಗುವುದು ಏಳೂವರೆ ದಿನ. ಲೋಡ್, ಅನ್‌ಲೋಡ್, ವಾಪಸ್ ಲೋಡಿನ ಹುಡುಕಾಟ ಎಲ್ಲ ಒಂದೂವರೆ ದಿನದಲ್ಲಿ ಮುಗಿದರೆ ಲೆಕ್ಕ ಸರಿಹೋಗುತ್ತದೆ.

ಮುಗಿಯುವುದಿಲ್ಲ. ಗೋದಾಮಿನಲ್ಲಿ ಜಾಗ ಇಲ್ಲ, ಹಮಾಲರು ನಾಳೆ ಬರುತ್ತಾರೆ, ಮಾಲೀಕರು ಊರಲ್ಲಿಲ್ಲ, ತೂಕದ ಯಂತ್ರ ಕೆಟ್ಟಿದೆ. ವಾಪಸ್ ಲೋಡಿಗೆ ಇನ್ನೊಂದು ದಿನ. ಒಟ್ಟು 4 ದಿನ ನಿಲ್ಲುವುದು ನಮ್ಮ ಪುಸ್ತಕದಲ್ಲಿ ಸಾಮಾನ್ಯ. ಆಗ ಉಳಿಯುವ ದಾರಿ ಎರಡು. 6 ದಿನ ಓಡಿಸಿ 4 ದಿನ ನಿಂತರೆ ಟ್ರಿಪ್ಪಿಗೆ 10 ದಿನ, ತಿಂಗಳಿಗೆ ಮೂರೇ ಟ್ರಿಪ್, 6,000 ಕೊರತೆ. ನಾಲ್ಕು ಟ್ರಿಪ್ ಮಾಡಲೇಬೇಕೆಂದರೆ ಓಡಿಸಲು ಸಿಗುವುದು ಮೂರೂವರೆ ದಿನ. 45 ಗಂಟೆಯನ್ನು ಮೂರೂವರೆ ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 13 ಗಂಟೆ.

ನಾನು ಹೇಳಬೇಕೆಂದಿರುವ ವಿಷಯ ಇದೇ. ರಸ್ತೆಯಲ್ಲಿ ನಿದ್ದೆಗೆಟ್ಟು ಓಡಿಸುವ ಚಾಲಕನನ್ನು ನೋಡಿ ‘ಇವರಿಗೆ ಜವಾಬ್ದಾರಿ ಇಲ್ಲ’ ಎಂದು ಜನ ಹೇಳುತ್ತಾರೆ. ಆ ನಿದ್ದೆ ಹೋದದ್ದು ಎಷ್ಟೋ ಸಲ ರಸ್ತೆಯಲ್ಲಲ್ಲ, ಎರಡು ದಿನದ ಹಿಂದೆ ಒಂದು ಗೋದಾಮಿನ ಗೇಟಿನ ಮುಂದೆ. ನಿಂತ ಗಂಟೆಗೆ ಯಾರೂ ಹಣ ಕೊಡುವುದಿಲ್ಲ. ಆದ್ದರಿಂದ ಅದನ್ನು ನಿದ್ದೆಯಿಂದ ಕತ್ತರಿಸಿ ತುಂಬಿಸಬೇಕಾಗುತ್ತದೆ. ಅಬ್ಬಾ ಇದನ್ನು ತಮ್ಮ ಭಾಷೆಯಲ್ಲಿ ಹೇಳುತ್ತಾರೆ: ‘ಗಾಡಿ ಖಡೀ ರಹೀ ತೋ ಬ್ಯಾಂಕ್ ಖಡೀ ನೈ ರಹತೀ.’ ಗಾಡಿ ನಿಂತರೂ ಬ್ಯಾಂಕ್ ನಿಲ್ಲುವುದಿಲ್ಲ.

ಗೋದಾಮಿನ ಮುಂದೆ ನಿಂತಾಗ ಮಲಗಬಹುದಲ್ಲ ಎಂದು ನನ್ನ ಗೆಳತಿ ಕೇಳಿದಳು. ಸಾಲು ಮುಂದೆ ಸರಿದಾಗ ಗಾಡಿ ಸರಿಸದಿದ್ದರೆ ಹಿಂದಿನವನು ಮುಂದೆ ಹೋಗುತ್ತಾನೆ. ಮೈಮರೆತರೆ ಟ್ಯಾಂಕಿನಿಂದ ಡೀಸೆಲ್ ಕದಿಯುತ್ತಾರೆ, ಟಾರ್ಪಾಲಿನ ಹಗ್ಗ ಕೊಯ್ಯುತ್ತಾರೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ದರದಲ್ಲೇ ಹಿಡಿದರೂ 17 ಟನ್ ಕೊಬ್ಬರಿ ಎಂದರೆ 20,57,000 ರೂಪಾಯಿ. ಅಷ್ಟು ಹಣದ ಪಕ್ಕದಲ್ಲಿ ಒಬ್ಬನೇ ಇರುವವನಿಗೆ ಎಂಥ ನಿದ್ದೆ ಬರುತ್ತದೆ?

ಫಾಸ್ಟ್ಯಾಗ್ ಹೇಳಿದ ಸತ್ಯ

2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ನಮ್ಮ ಗಾಡಿಯ ಫಾಸ್ಟ್ಯಾಗಿಗೆ ಕೊಟ್ಟಿರುವುದು ಮನೆಯ ಫೋನ್ ನಂಬರು. ಹಣ ಕಡಿತವಾದ ಕೂಡಲೇ ಮೆಸೇಜ್ ಬರುತ್ತದೆ. ಟೋಲಿನ ಹೆಸರು, ಮೊತ್ತ, ಹೊತ್ತು. ನಾನು ಅದನ್ನು ನೋಡಿ ಪುಸ್ತಕಕ್ಕೆ ಏರಿಸುತ್ತೇನೆ.

ಕಳೆದ ವರ್ಷ ಒಂದು ಲೋಡು ತುಂಬಲು ಎರಡು ದಿನ ತಡವಾಯಿತು. ಅಬ್ಬಾ ಸಂಜೆ ಹೊರಟರು. ಮರುದಿನ ಬೆಳಿಗ್ಗೆ ಅಮ್ಮಿಗೆ ಫೋನ್ ಮಾಡಿ ‘ರಾತ್ರಿ ದಾವಣಗೆರೆ ಹತ್ತಿರ ಮಲಗಿದ್ದೆ, ಚೆನ್ನಾಗಿ ನಿದ್ದೆ ಆಯಿತು’ ಎಂದರು. ಅಮ್ಮಿ ಸಮಾಧಾನದಿಂದ ಚಹಾ ಇಟ್ಟರು. ನಾನು ಲೆಕ್ಕ ಬರೆಯಲು ಮೆಸೇಜ್ ತೆರೆದೆ. ಹಿರಿಯೂರು ದಾಟಿದ ಮೇಲಿನ ಗುಯಿಲಾಳು ಟೋಲ್ ಸಂಜೆ 7.40. ಆಮೇಲೆ ಹೆಬ್ಬಾಳು, ಚಳಗೇರಿ, ಬಂಕಾಪುರ, ಹಿರೇಬಾಗೇವಾಡಿ, ಹತ್ತರಗಿ. ರಾಜ್ಯದ ಗಡಿಯ ಕೊಗನೋಳಿ ಬೆಳಿಗ್ಗೆ 6.30. ಎಲ್ಲಾದರೂ ಮಲಗಿ ಎದ್ದಿದ್ದರೆ ಎರಡು ಟೋಲಿನ ನಡುವೆ ದೊಡ್ಡ ಅಂತರ ಇರಬೇಕಿತ್ತು. ಇರಲಿಲ್ಲ. 400 ಕಿ.ಮೀ.ಗೂ ಹೆಚ್ಚು ದೂರ ರಾತ್ರಿ ಇಡೀ ಒಂದೇ ಸಮನೆ ಓಡಿಸಿದ್ದರು.

ನಾನು ಅಮ್ಮಿಗೆ ಹೇಳಲಿಲ್ಲ. ಅಬ್ಬಾ ಮನೆಗೆ ಬಂದ ಮೇಲೆ ಟೋಲ್‌ಗಳ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟೆ. ಅವರು ನೋಡಿದರು, ಮಡಚಿದರು, ಜೇಬಿನಲ್ಲಿ ಇಟ್ಟುಕೊಂಡರು. ‘ಲೆಕ್ಕ ಚೆನ್ನಾಗಿ ಕಲಿತಿದ್ದೀಯ ಬೇಟಾ’ ಎಂದಷ್ಟೇ ಹೇಳಿದರು.

ಲಾರಿ ಕಲಿಸುವ ಪಾಠಗಳು

‘ಓದದಿದ್ದರೆ ಲಾರಿ ಓಡಿಸಬೇಕಾಗುತ್ತದೆ’ ಎಂದು ಮನೆಗಳಲ್ಲಿ ಬೈಯುವುದುಂಟು. ಹತ್ತನೇ ತರಗತಿಯಲ್ಲಿರುವ ನನ್ನ ತಮ್ಮ ಇದನ್ನೇ ತಿರುಗಿಸಿ ‘ಹಾಗಾದರೆ ಓದುವುದೇ ಬೇಡ, ಲಾರಿ ಓಡಿಸುತ್ತೇನೆ’ ಎನ್ನುತ್ತಾನೆ. ಇಬ್ಬರಿಗೂ ಅಬ್ಬಾರ ಕೆಲಸ ಪೂರ್ತಿ ಗೊತ್ತಿಲ್ಲ ಎಂದು ನನಗೆ ಅನಿಸುತ್ತದೆ.

ಮೊದಲನೆಯದಾಗಿ, ಕಾನೂನಿನ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಅದಕ್ಕೂ ಮೊದಲು ಲಘು ವಾಹನದ ಲೈಸೆನ್ಸ್ ಕನಿಷ್ಠ ಒಂದು ವರ್ಷ ಇದ್ದಿರಬೇಕು. ಹತ್ತನೇ ತರಗತಿ ಬಿಟ್ಟು ನೇರ ಸ್ಟಿಯರಿಂಗ್ ಹಿಡಿಯಲು ಆಗುವುದಿಲ್ಲ.

ಎರಡನೆಯದಾಗಿ, ಇದು ಕಲಿತು ಮಾಡುವ ಕೆಲಸ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬುದು ಅಬ್ಬಾರ ನಿಯಮ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ, ಸಾತಾರಾ ದಾಟಿದ ಮೇಲಿನ ಖಂಬಾಟ್ಕಿ ಘಾಟಿನಲ್ಲಿ ಇದನ್ನು ಅವರು ಮರೆಯುವುದಿಲ್ಲ. ಎಂಜಿನ್ ತಾನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ಕೆಲವರು ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುತ್ತಾರೆ. ಆಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಡ್ರಮ್ಮು ಕಾದು ಬ್ರೇಕ್ ಹಿಡಿಯದೇ ಹೋಗುತ್ತದೆ. ಪುಣೆಯ ನವಲೆ ಸೇತುವೆಯ ಇಳಿಜಾರಿನಲ್ಲಿ ಆದ ದೊಡ್ಡ ಅಪಘಾತಗಳ ಸುದ್ದಿ ನೀವೂ ಓದಿರಬಹುದು. ಒಂದೆರಡು ಲೀಟರ್ ಡೀಸೆಲ್ಲಿನ ಉಳಿತಾಯ ಖರ್ಚಿನ ಪಟ್ಟಿಯಲ್ಲಿ ಕಾಣುತ್ತದೆ, ಅದರ ಜೊತೆಗೆ ಬಂದ ಅಪಾಯ ಕಾಣುವುದಿಲ್ಲ.

ಮೂರನೆಯದು ತೂಕ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿದರು. ಮಿತಿ ಮೀರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ‘ಎರಡು ಟನ್ ಜಾಸ್ತಿ ಹಾಕಿಕೋ’ ಎಂದು ಹೇಳುವವರು ದಂಡ ಕಟ್ಟಲು ಬರುವುದಿಲ್ಲ. ಇಲ್ಲ ಎನ್ನಲು ಕಲಿಯುವುದೂ ಈ ಕೆಲಸದ ಒಂದು ಭಾಗ.

ಪುಸ್ತಕಕ್ಕೆ ಒಂದು ಹೊಸ ಕಾಲಂ

ಟೋಲಿನ ಆ ಹಾಳೆಯ ನಂತರ ನಮ್ಮ ಲೆಕ್ಕದ ಪುಸ್ತಕದಲ್ಲಿ ನಾನು ಎರಡು ಕಾಲಂ ಹೆಚ್ಚಿಗೆ ಎಳೆದೆ: ‘ಬಂದ ಹೊತ್ತು’, ‘ಬಿಟ್ಟ ಹೊತ್ತು’. ಗೇಟಿಗೆ ಬಂದ ತಕ್ಷಣ ಅಬ್ಬಾ ಒಂದು ಫೋಟೋ ತೆಗೆದು ಕಳಿಸುತ್ತಾರೆ. ಹೊರಡುವಾಗ ಇನ್ನೊಂದು. ಅದರಿಂದ ನಿಂತ ಗಂಟೆ ಎಷ್ಟೆಂದು ಸಿಗುತ್ತದೆ.

ಆ ಗಂಟೆಗೆ ಬೆಲೆ ಕಟ್ಟುವುದು ಕಷ್ಟವಲ್ಲ. ತಿಂಗಳ ಸ್ಥಿರ ವೆಚ್ಚ 72,000. ದಿನಕ್ಕೆ 2,400, ಗಂಟೆಗೆ 100. ಅಬ್ಬಾರ ಸಂಬಳ ಸೇರಿಸದೆಯೇ ಇಷ್ಟು. ಬಿಲ್ಟಿಯಲ್ಲಿ ‘ಮೊದಲ ದಿನದ ನಂತರ ದಿನಕ್ಕೆ ಇಷ್ಟು ಹಾಲ್ಟಿಂಗ್’ ಎಂದು ಬರೆಸುವ ಪದ್ಧತಿ ಮೊದಲಿನಿಂದಲೂ ಇದೆ. ಬರೆಸುವವರು ಕಡಿಮೆ. ಅಬ್ಬಾ ಕೇಳಿನೋಡಿದರು. ‘ನೀವು ಬೇಡ ಅಂದರೆ ಇನ್ನೊಂದು ಗಾಡಿ ಬರುತ್ತೆ’ ಎಂಬ ಉತ್ತರವೇ ಹೆಚ್ಚು ಬಂತು. ಒಬ್ಬ ವ್ಯಾಪಾರಿ ಮಾತ್ರ ಪುಸ್ತಕ ನೋಡಿ, ಎರಡನೇ ದಿನದಿಂದ 1,500 ರೂಪಾಯಿ ಬರೆಯಲು ಒಪ್ಪಿದರು. ಅವರ ಲೋಡು ಈಗ ಮೊದಲ ದಿನವೇ ಇಳಿಯುತ್ತದೆ. ನಿಲ್ಲಿಸುವುದಕ್ಕೆ ಖರ್ಚು ಬಂದಾಗ ಹಮಾಲರು ಸಮಯಕ್ಕೆ ಸಿಗುತ್ತಾರೆ.

ನಮ್ಮ ಊರಿನ ಹೆಸರಿನಲ್ಲಿರುವ ‘ಕಾವಲ್’ ಎಂದರೆ ಮೇವಿಗಾಗಿ ಕಾದಿಟ್ಟ ಹುಲ್ಲುಗಾವಲು. ಮೈಸೂರು ಸೀಮೆಯ ಅಮೃತ ಮಹಲ್ ದನಗಳಿಗೆ ಇಂಥ ಕಾವಲುಗಳು ಹಲವು ಕಡೆ ಇದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಶುರುವಾದ ಈ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನ್. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ತೋಪು, ಸಾಮಾನು ಎಳೆದದ್ದು ಇದೇ ಎತ್ತುಗಳು. ಅವು ಆ ಕಾಲದ ಲಾರಿಗಳು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಅವುಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ದೂರ ಎಳೆಯುವ ಎತ್ತಿಗೆ ಮೇವು ಮತ್ತು ವಿಶ್ರಾಂತಿ ಬೇಕೆಂದು ಆ ಕಾಲದ ಆಡಳಿತ ಲೆಕ್ಕದಲ್ಲೇ ಹಿಡಿದಿತ್ತು.

ಇಂದು ಚಾಲಕರಿಗೂ ಸ್ವಲ್ಪ ಸ್ವಲ್ಪ ಆಗುತ್ತಿದೆ. ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ತೈಲ ಕಂಪನಿಗಳು ‘ಅಪ್ನಾ ಘರ್’ ಎಂಬ ತಂಗುಮನೆ ಮಾಡಿವೆ, ಹಾಸಿಗೆ, ಸ್ನಾನ, ಅಡುಗೆಗೆ ಜಾಗ ಇರುತ್ತದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಇವೆಲ್ಲ ಒಳ್ಳೆಯವು. ಆದರೆ ಹಾಸಿಗೆ ಇದ್ದರೆ ಸಾಲದು, ಮಲಗಲು ಹೊತ್ತು ಬೇಕು. ಆ ಹೊತ್ತು ಇರುವುದು ಲೋಡ್ ಮಾಡಿಸುವವರ ಮತ್ತು ಇಳಿಸಿಕೊಳ್ಳುವವರ ಕೈಯಲ್ಲಿ.

ನಮ್ಮ ತರಗತಿಯ ಹಲವರು ಮುಂದೆ ಅಂಗಡಿ, ಗೋದಾಮು, ಕಾರ್ಖಾನೆಯ ಲೆಕ್ಕ ಬರೆಯುವವರು, ನಡೆಸುವವರು. ಒಂದು ದಿನ ನಿಮ್ಮ ಗೇಟಿನ ಮುಂದೆಯೂ ಲಾರಿ ಬಂದು ನಿಲ್ಲುತ್ತದೆ. ಅದು ಬಂದ ಹೊತ್ತನ್ನು ಬರೆದುಕೊಳ್ಳಿ. ಬೇಗ ಇಳಿಸಿ ಕಳಿಸಿ. ಆಗದಿದ್ದರೆ ನಿಂತ ದಿನಕ್ಕೆ ಹಣ ಕೊಡಿ.

ಅಭ್ಯಾಸ

1. ಮೇಲಿನ ಲೆಕ್ಕದಲ್ಲಿ ನಿಲ್ಲುವ ದಿನ 4ರ ಬದಲು 3 ಆದರೆ, ನಾಲ್ಕು ಟ್ರಿಪ್ ಮಾಡಲು ದಿನಕ್ಕೆ ಎಷ್ಟು ಗಂಟೆ ಓಡಿಸಬೇಕು? (ಉತ್ತರ: 10 ಗಂಟೆ)

2. ಚಾಲಕನಿಗೆ ತಿಂಗಳಿಗೆ 20,000 ರೂ. ಸಂಬಳ ಬರೆದರೆ ನಾಲ್ಕು ಟ್ರಿಪ್ಪಿನ ತಿಂಗಳಲ್ಲಿ ಲಾಭವೋ ನಷ್ಟವೋ, ಎಷ್ಟು? (ಉತ್ತರ: 4,000 ರೂ. ನಷ್ಟ)

3. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಲಾರಿ, ಟೆಂಪೊ, ಆಟೊ ಓಡಿಸುವವರು ಇದ್ದರೆ ಅವರು ನಿನ್ನೆ ಎಷ್ಟು ಗಂಟೆ ಓಡಿಸಿದರು, ಎಷ್ಟು ಗಂಟೆ ಸುಮ್ಮನೆ ಕಾದರು ಎಂದು ಕೇಳಿ ಬರೆಯಿರಿ. ಇದಕ್ಕೆ ಉತ್ತರ ನನ್ನ ಬಳಿ ಇಲ್ಲ, ನೀವೇ ತರಬೇಕು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ